ಮಿನಿ ಟ್ರ್ಯಾಕ್ಟರ್‌ನ ಹಿಂದಿನ ಎಕ್ಸೆಲ್‌ನಿಂದ ಆಯಿಲ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಈಗ ಮಿನಿ ಟ್ರ್ಯಾಕ್ಟರ್ ಇಲ್ಲದೆ ಕೆಲಸ ಸಾಗುವುದು ಕಷ್ಟ. ಗೊಬ್ಬರ ಸಾಗಿಸಲು, ಬೆಟ್ಟದಿಂದ ಸೊಪ್ಪು ತರಲು, ಕೊನೆ ಕೊಯ್ಲಿನಲ್ಲಿ (ಅಡಿಕೆ ಗೊನೆ ಇಳಿಸುವಾಗ) ಅಡಿಕೆ ಹೊರಲು, ಮಳೆ ಹಿಡಿದ ಮೇಲೆ ಗದ್ದೆ ಹೂಡಲು ಎಲ್ಲಕ್ಕೂ ಅದೇ ಬೇಕು. ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದ ಕಡೆ ಗದ್ದೆ ಕೆಲಸವೇ ಜಾಸ್ತಿ. ಹೀಗೆ ದುಡಿಯುವ ಗಾಡಿಯಲ್ಲಿ ಹಿಂದಿನ ಗಾಲಿಯ ಒಳಬದಿ ಒದ್ದೆಯಾಗುವುದು ಬಹಳ ಸಾಮಾನ್ಯ. ಗಾಲಿ ತಿರುಗಿಸುವ ಎಕ್ಸೆಲ್ ಶಾಫ್ಟಿನ ಸುತ್ತ ಕೂತು ಆಯಿಲ್ ಹೊರಬರದ ಹಾಗೆ ತಡೆಯುವ ರಬ್ಬರ್ ಅಂಚಿನ ಬಳೆಯೇ ಸೀಲ್. ನಮ್ಮ ಗಾಡಿಯ ಸೀಲನ್ನು ನಾನು ಎರಡು ಸಲ ಬದಲಿಸಿದ್ದೇನೆ. ಮೊದಲ ಸಲ ಬದಲಿಸಿ ಇಪ್ಪತ್ತು ದಿನ ಆಗುವಷ್ಟರಲ್ಲಿ ಮತ್ತೆ ಸೋರಿತು. ಯಾಕೆ ಎಂದು ಗೊತ್ತಾದದ್ದು ಆಮೇಲೆ. ಅಕ್ಕಪಕ್ಕದ ಊರಿನವರು, ನೆಂಟರು ನನ್ನ ಹತ್ತಿರ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಉತ್ತರದೊಂದಿಗೆ ಬರೆದಿದ್ದೇನೆ.

ಸೋರುತ್ತಿರುವುದು ಎಕ್ಸೆಲ್‌ನಿಂದಲೇ ಎಂದು ಹೇಗೆ ತಿಳಿಯುವುದು?

ಮೊದಲು ತೊಳೆಯಿರಿ. ಕೆಸರು, ತರಗೆಲೆ, ಹಳೆ ಆಯಿಲ್ ಎಲ್ಲ ಸೇರಿ ಕಪ್ಪು ಹಂಟೆ ಕಟ್ಟಿರುತ್ತದೆ. ಅದರ ಮೇಲೆ ಏನೂ ಕಾಣುವುದಿಲ್ಲ. ಡೀಸೆಲ್ ಅದ್ದಿದ ಬ್ರಷ್‌ನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಎಕ್ಸೆಲ್ ಹೌಸಿಂಗ್, ಬ್ರೇಕ್ ಕವರ್, ಗಾಲಿಯ ಒಳಬದಿಗೆ ಟಾಲ್ಕಂ ಪೌಡರ್ ಉದುರಿಸಿ. ಅರ್ಧ ಗಂಟೆ ಗಾಡಿ ಓಡಿಸಿ, ನಿಲ್ಲಿಸಿ, ಟಾರ್ಚ್ ಹಾಕಿ ನೋಡಿ. ಆಯಿಲ್ ಬಂದ ದಾರಿ ಪೌಡರ್ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಗಾಲಿಯ ನಡುವಿನಿಂದ ರಿಮ್ಮಿನ ಕಡೆಗೆ ಕಿರಣದ ಹಾಗೆ ಚೆಲ್ಲಿದ್ದರೆ ಹೊರಗಿನ ಆಯಿಲ್ ಸೀಲ್ ಹೋಗಿದೆ. ಹೌಸಿಂಗ್ ಗಿಯರ್ ಬಾಕ್ಸಿಗೆ ಸೇರುವ ಜಾಗದಲ್ಲಿ ಒದ್ದೆ ಇದ್ದರೆ ಅಲ್ಲಿಯ ಪ್ಯಾಕಿಂಗ್ ಅಥವಾ ಓ-ರಿಂಗ್ (ರಬ್ಬರ್ ಉಂಗುರ) ಹೋಗಿರಬಹುದು, ಇಲ್ಲವೇ ಬೋಲ್ಟ್ ಸಡಿಲ ಆಗಿರಬಹುದು. ಬೋಲ್ಟ್ ಬಿಗಿ ಮಾಡಿದರೆ ಸಾಕಾಗುವ ಸೋರಿಕೆಯೂ ಇದೆ. ಬ್ರೇಕ್ ಕವರಿನ ತಳದಿಂದ ತೊಟ್ಟಿಕ್ಕಿದರೆ ಒಳಗಿನ ಸೀಲನ್ನು ನೋಡಬೇಕು.

ತುಂಬಾ ಜನ ಮೋಸ ಹೋಗುವುದು ಲಿಫ್ಟಿನ ಆಯಿಲ್‌ನಿಂದ. ಮೇಲೆ ನೇಗಿಲು ಎತ್ತಿ ಇಳಿಸುವ ಹೈಡ್ರಾಲಿಕ್ ಲಿಫ್ಟಿನ ಪೈಪ್ ಅಥವಾ ಶಾಫ್ಟಿನಿಂದ ಸೋರಿದ್ದು ಹೌಸಿಂಗ್ ಮೇಲೆ ಹರಿದು ಗಾಲಿಯ ಹತ್ತಿರ ಬಂದು ತೊಟ್ಟಿಕ್ಕುತ್ತದೆ. ನೋಡಿದವರು ಎಕ್ಸೆಲ್ ಸೀಲ್ ಬಿಚ್ಚಿಸುತ್ತಾರೆ. ಹಾಗಾಗಿ ಹುಡುಕುವಾಗ ಅತ್ಯಂತ ಮೇಲಿನ ಒದ್ದೆ ಜಾಗದಿಂದ ಶುರು ಮಾಡಿ.

ಹೊಸ ಸೀಲ್ ಹಾಕಿಸಿದೆ. ಒಂದೇ ತಿಂಗಳಿಗೆ ಮತ್ತೆ ಸೋರುತ್ತಿದೆ. ಸೀಲ್ ಡೂಪ್ಲಿಕೇಟೇ?

ಇರಬಹುದು. ಆದರೆ ಮೊದಲು ಬ್ರೀದರ್ ನೋಡಿ.

ಗಾಡಿ ಓಡಿದಾಗ ಗಿಯರ್ ಬಾಕ್ಸಿನ ಆಯಿಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಗೆ ಹೋಗಲು ಇರುವ ಸಣ್ಣ ದಾರಿಯೇ ಬ್ರೀದರ್. ಗಿಯರ್ ಬಾಕ್ಸಿನ ಅಥವಾ ಲಿಫ್ಟ್ ಕವರಿನ ಮೇಲೆ ಸಣ್ಣ ಟೋಪಿ ಹಾಗೆ ಇರುತ್ತದೆ. ಕೆಲವು ಗಾಡಿಗಳಲ್ಲಿ ಆಯಿಲ್ ಹಾಕುವ ಮುಚ್ಚಳದಲ್ಲೇ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಗಾಳಿ ಬೇರೆ ದಾರಿ ಹುಡುಕುತ್ತದೆ. ಸುಲಭದ ದಾರಿ ಎಂದರೆ ಸೀಲಿನ ರಬ್ಬರ್ ಅಂಚು. ಗಾಳಿ ಅದನ್ನು ಒತ್ತಿ ಹೊರಬರುವಾಗ ಆಯಿಲನ್ನೂ ಜೊತೆಗೆ ತರುತ್ತದೆ.

ನಮ್ಮ ಗಾಡಿಯಲ್ಲಿ ಆಗಿದ್ದು ಇದೇ. ಎರಡನೇ ಸಲ ಸೋರಿದಾಗ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮನೆಗೆ ಬಂದಿದ್ದರು. ಗಾಲಿಯ ಹತ್ತಿರ ಹೋಗಲೇ ಇಲ್ಲ. ಸೀಟಿನ ಕೆಳಗೆ ಕೈ ಹಾಕಿ ಬ್ರೀದರ್ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಹೆಗಡೇರೆ, ಇದಕ್ಕೆ ಉಸಿರೇ ಇಲ್ಲ ನೋಡಿ" ಎಂದರು. ಕುಂಬಾರ ಹುಳ ಅದರ ತೂತಿಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಾಲ್ಕು ತಿಂಗಳು ನಿಲ್ಲಿಸಿಟ್ಟ ಗಾಡಿಗೆ ಹೀಗಾಗುವುದು ಸಹಜ. ಮೊದಲ ಸಲ ಹಾಕಿದ ಸೀಲಿನಲ್ಲಿ ಯಾವ ತಪ್ಪೂ ಇರಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಸೀಲ್ ಬದಲಿಸುವ ಮೊದಲು ಹಳೇ ಸೀಲ್ ಯಾಕೆ ಸೋತಿತು ಎಂದು ಹುಡುಕಿ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಬಾಯಲ್ಲಿ ಊದದೆ, ಪಂಪಿನಿಂದ ಗಾಳಿ ಹಾಕಿ ನೋಡಿ. ಕೆಲಸ ಹತ್ತು ನಿಮಿಷದ್ದು.

ಬ್ರೀದರ್ ಸರಿ ಇದೆ. ಮತ್ತೆ ಯಾವ ಕಾರಣಕ್ಕೆ ಸೀಲ್ ಹೋಗುತ್ತದೆ?

ನಮ್ಮ ಕಡೆ ಹೆಚ್ಚು ನೋಡಿದ್ದು ದಾರ. ನೈಲಾನ್ ಹಗ್ಗ, ಗೊಬ್ಬರ ಚೀಲದ ಹೊಲಿಗೆ ದಾರ, ಗದ್ದೆಯಲ್ಲಾದರೆ ಉದ್ದ ಹುಲ್ಲು. ಗಾಲಿ ತಿರುಗಿದ ಹಾಗೆ ಶಾಫ್ಟಿಗೆ ಸುತ್ತಿಕೊಂಡು, ಒಳಗೆ ಒಳಗೆ ಹೋಗಿ ಸೀಲಿನ ಅಂಚನ್ನು ಕೊಯ್ಯುತ್ತದೆ. ಸುತ್ತಿಕೊಂಡದ್ದನ್ನು ಅದೇ ದಿನ ಸಂಜೆ ಕತ್ತರಿಸಿ ತೆಗೆದರೆ ಸೀಲ್ ಉಳಿಯುತ್ತದೆ.

ಎರಡನೆಯದು ಬೇರಿಂಗ್. ಗಾಲಿ ಎತ್ತಿ ನಿಲ್ಲಿಸಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಕಟಕಟ ಎಂದು ಆಡಿದರೆ ಬೇರಿಂಗ್ ಸವೆದಿದೆ. ಶಾಫ್ಟ್ ಓಲಾಡುತ್ತಿದ್ದರೆ ಎಂಥ ಸೀಲೂ ನಿಲ್ಲುವುದಿಲ್ಲ. ಒಳಗೆ ಹೊರಗೆ ಸ್ವಲ್ಪ ಜರುಗುವುದು ಕೆಲವು ಗಾಡಿಗಳಲ್ಲಿ ಇರುವುದೇ. ಮೇಲೆ ಕೆಳಗೆ ಆಡುವುದು ಇರಬಾರದು.

ಮೂರನೆಯದು ಆಯಿಲ್ ಜಾಸ್ತಿ ಹಾಕುವುದು. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಗಿಯರ್ ಬಾಕ್ಸ್, ಎಕ್ಸೆಲ್, ಲಿಫ್ಟ್ ಎಲ್ಲಕ್ಕೂ ಒಂದೇ ಆಯಿಲ್ ಇರುವುದು ಸಾಮಾನ್ಯ. ಟಿಪ್ಪಿಂಗ್ ಟ್ರಾಲಿ ಮೇಲೆ ಎತ್ತಿದಾಗ ಆಯಿಲ್ ಸಿಲಿಂಡರ್‌ಗೆ ಹೋಗಿರುತ್ತದೆ. ಆಗ ಮಟ್ಟ ನೋಡಿ "ಕಡಿಮೆ ಇದೆ" ಎಂದು ತುಂಬಿಸಿದರೆ, ಟ್ರಾಲಿ ಇಳಿಸಿದಾಗ ಅಷ್ಟೂ ವಾಪಸ್ ಬಂದು ಮಟ್ಟ ಮೀರುತ್ತದೆ. ಮಟ್ಟ ನೋಡುವಾಗ ಟ್ರಾಲಿ, ಲಿಫ್ಟ್ ಎರಡೂ ಕೆಳಗಿರಲಿ, ಗಾಡಿ ಸಪಾಟು ಜಾಗದಲ್ಲಿರಲಿ. ಇಳಿಜಾರಿನ ಅಂಗಳದಲ್ಲಿ ನೋಡಿದ ಮಟ್ಟವನ್ನು ನಂಬಬೇಡಿ.

ಇನ್ನು ವಯಸ್ಸು. ಹಳೇ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಸ್ವಲ್ಪವೇ ಸೋರುತ್ತದೆ. ಕೊನೆ ಕೊಯ್ಲು ಮುಗಿಸಿ ಮಾಡಿಸಿದರೆ ಆಗದೇ?

ಬ್ರೇಕಿಗೆ ಆಯಿಲ್ ತಾಗಿಲ್ಲ ಎಂದು ಖಾತ್ರಿ ಇದ್ದರೆ, ದಿನಾ ಮಟ್ಟ ನೋಡಿ ತುಂಬಿಸುತ್ತಾ ಕೆಲವು ದಿನ ತಳ್ಳಬಹುದು. ತಾಗಿದ್ದರೆ ಗಾಡಿಯನ್ನು ಅವತ್ತೇ ನಿಲ್ಲಿಸಿ.

ಇದನ್ನು ಒತ್ತಿ ಹೇಳುತ್ತೇನೆ. ಒಣ ಬ್ರೇಕ್ (ಆಯಿಲ್‌ನಲ್ಲಿ ಮುಳುಗಿರದ ಬ್ರೇಕ್) ಇರುವ ಗಾಡಿಯಲ್ಲಿ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪಟ್ಟಿ, ಆಯಿಲ್ ಕುಡಿದರೆ ಆ ಬದಿಯ ಬ್ರೇಕ್ ಹಿಡಿಯುವುದಿಲ್ಲ. ಟ್ರ್ಯಾಕ್ಟರ್‌ಗೆ ಎಡ, ಬಲ ಎಂದು ಎರಡು ಬ್ರೇಕ್ ಪೆಡಲ್ ಇವೆ. ರಸ್ತೆಯಲ್ಲಿ ಎರಡನ್ನೂ ಕೊಂಡಿ ಹಾಕಿ ಒಟ್ಟಿಗೆ ತುಳಿಯುತ್ತೇವೆ. ಒಂದು ಬದಿ ಹಿಡಿದು ಇನ್ನೊಂದು ಜಾರಿದರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ಹಿಂದೆ ಟ್ರಾಲಿ ತುಂಬಾ ಅಡಿಕೆ, ಮುಂದೆ ತೋಟಕ್ಕೆ ಇಳಿಯುವ ಕಡಿದಾದ ದಾರಿ, ಒಂದು ಬದಿ ಧರೆ, ಇನ್ನೊಂದು ಬದಿ ಹಳ್ಳ. ನಮ್ಮ ಊರುಗಳ ದಾರಿ ಹೀಗೇ ಅಲ್ವಾ? ಎರಡು ದಿನದ ಕೆಲಸ ಹಿಂದೆ ಬಿದ್ದರೂ ಪರವಾಗಿಲ್ಲ, ಅಂಥ ಬ್ರೇಕ್ ಇಟ್ಟುಕೊಂಡು ಇಳಿಯಬೇಡಿ.

ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಹೊಸದನ್ನೇ ಹಾಕಿ. ಎರಡೂ ಬದಿಗೆ ಒಟ್ಟಿಗೆ ಹಾಕಿದರೆ ಹಿಡಿತ ಸಮ ಇರುತ್ತದೆ.

ಸೋರಿಕೆ ನಿಲ್ಲಿಸುವ ದ್ರವ ಡಬ್ಬಿಯಲ್ಲಿ ಸಿಗುತ್ತದಂತೆ. ಹಾಕಬಹುದೇ?

ಬೇಡ. ಅದು ರಬ್ಬರನ್ನು ಸ್ವಲ್ಪ ಕಾಲ ಉಬ್ಬಿಸುತ್ತದೆ ಅಷ್ಟೆ. ಕೊಯ್ದು ಹೋದ ಸೀಲ್ ಕೂಡುವುದಿಲ್ಲ. ಆಯಿಲ್‌ನಲ್ಲೇ ಮುಳುಗಿದ ಬ್ರೇಕ್ ಇರುವ ಗಾಡಿಯಾದರೆ ಬ್ರೇಕೂ ಕೆಡಬಹುದು.

ನಾನೇ ಬಿಚ್ಚಬಹುದೇ, ಮೆಕ್ಯಾನಿಕ್ ಬೇಕೇ?

ವಾರಂಟಿ ಇದ್ದರೆ ಮುಟ್ಟಬೇಡಿ, ಶೋರೂಮಿನವರನ್ನೇ ಕರೆಯಿರಿ. ಇಲ್ಲದಿದ್ದರೆ ನಿಮ್ಮ ಗಾಡಿಯ ಕಟ್ಟು ಹೇಗಿದೆ ಎನ್ನುವುದರ ಮೇಲೆ ನಿಂತಿದೆ.

ಹುಲ್ಲು ಕತ್ತರಿಸುವಂಥ ತೀರಾ ಸಣ್ಣ ಗಾರ್ಡನ್ ಟ್ರ್ಯಾಕ್ಟರ್‌ನಲ್ಲಿ ಗಾಲಿಯನ್ನು ಒಂದು ಕ್ಲಿಪ್ ಮತ್ತು ಕೀ (ಶಾಫ್ಟಿಗೂ ಗಾಲಿಗೂ ನಡುವೆ ಕೂರುವ ಸಣ್ಣ ಕಬ್ಬಿಣದ ತುಂಡು) ಹಿಡಿದಿರುತ್ತವೆ. ಕ್ಲಿಪ್ ತೆಗೆದರೆ ಗಾಲಿ ಹೊರಗೆ ಬರುತ್ತದೆ, ಸೀಲ್ ಎದುರಿಗೇ ಕಾಣುತ್ತದೆ. ಕೈಕೆಲಸ ಬಲ್ಲ ಯಾರಾದರೂ ಮಾಡಬಹುದು. ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂದು ಮೊದಲೇ ಫೋಟೋ ತೆಗೆದಿಡಿ.

ನಮ್ಮ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಗಾಲಿ ತೆಗೆದ ಮೇಲೆ ಬೇರಿಂಗ್ ಕವರ್ ಬಿಚ್ಚಿದರೆ ಕವರ್, ಬೇರಿಂಗ್ ಸಮೇತ ಶಾಫ್ಟ್ ಹೊರಗೆ ಬರುವ ಕಟ್ಟು ಸಾಮಾನ್ಯ. ಶಾಫ್ಟ್ ಎಳೆಯುವವರೆಗೆ ಮನೆಯಲ್ಲೇ ಮಾಡಬಹುದು. ಆದರೆ ಬೇರಿಂಗ್ ಶಾಫ್ಟಿಗೆ ಬಿಗಿಯಾಗಿ ಕೂತಿರುತ್ತದೆ. ಅದನ್ನು ತೆಗೆಯದೆ ಸೀಲ್ ಬದಲಿಸಲು ಆಗುವುದಿಲ್ಲ. ಸುತ್ತಿಗೆಯಿಂದ ಹೊಡೆದು ತೆಗೆದರೆ ಬೇರಿಂಗ್ ಹಾಳು. ಶಾಫ್ಟನ್ನು ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪ್‌ಗೆ ಒಯ್ಯಿರಿ.

ಹೌಸಿಂಗನ್ನೇ ಗಿಯರ್ ಬಾಕ್ಸಿನಿಂದ ಬೇರ್ಪಡಿಸಬೇಕಾದ ಕಟ್ಟೂ ಇದೆ. ಅದು ಭಾರದ ಕೆಲಸ, ಒಳಗೆ ಷಿಮ್‌ಗಳ (ಸಂದು ಸರಿ ಮಾಡಲು ಹಾಕುವ ತೆಳು ಬಿಲ್ಲೆಗಳ) ಲೆಕ್ಕವೂ ಇರುತ್ತದೆ. ಅದನ್ನು ಗೊತ್ತಿದ್ದವರಿಗೆ ಬಿಡಿ.

ಗಾಡಿ ಎತ್ತಿ ನಿಲ್ಲಿಸುವುದು ಹೇಗೆ?

ಇಲ್ಲಿ ಅವಸರ ಮಾಡಲೇಬೇಡಿ. ಗಟ್ಟಿ, ಸಪಾಟು ನೆಲ ಬೇಕು. ಮಳೆಯಲ್ಲಿ ನೆನೆದ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ. ಜಾಕಿನ ಕೆಳಗೆ ಅಗಲದ ದಪ್ಪ ಹಲಗೆ ಇಡಿ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಗಾಲಿಯ ನಟ್‌ಗಳನ್ನು ಗಾಡಿ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ತುಂಡುಗಳನ್ನು ಅಡ್ಡ ಉದ್ದ ಜೋಡಿಸಿ, ಭಾರ ಅದರ ಮೇಲೆ ಕೂರುವ ಹಾಗೆ ಇಳಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ.

ಚಿರೆಕಲ್ಲು ಇಡಬೇಡಿ. ಮನೆ ಸುತ್ತ ರಾಶಿ ಬಿದ್ದಿರುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ. ಗೋಡೆಯಲ್ಲಿ ಭಾರ ಎಲ್ಲ ಕಡೆ ಸಮ ಬೀಳುವಾಗ ಅದು ಗಟ್ಟಿ. ಎಕ್ಸೆಲ್ಲಿನ ಭಾರ ಒಂದೇ ಬಿಂದುವಿನಲ್ಲಿ ಕೂತರೆ ಹೇಳದೆ ಕೇಳದೆ ಪುಡಿಯಾಗಬಹುದು. ಸಿಮೆಂಟ್ ಬ್ಲಾಕೂ ಅಷ್ಟೆ.

ಟೈರಿಗೆ ನೀರು ತುಂಬಿಸಿದ್ದರೆ ಗಾಲಿ ಎಣಿಸಿದ್ದಕ್ಕಿಂತ ಬಹಳ ಭಾರ ಇರುತ್ತದೆ. ಇಬ್ಬರು ಇರಿ. ಗಾಲಿ ನೆಲದಿಂದ ಬೆರಳಷ್ಟು ಮಾತ್ರ ಎತ್ತಿರಿ, ಹಲಗೆ ಮೇಲೆ ನಿಲ್ಲಿಸಿಕೊಂಡೇ ಜರುಗಿಸಿ. ಬೀಳುತ್ತಿರುವ ಗಾಲಿಯನ್ನು ಹಿಡಿಯಲು ಹೋಗಬೇಡಿ, ದೂರ ಸರಿಯಿರಿ.

ಆಯಿಲ್ ಪೂರ್ತಿ ಇಳಿಸಬೇಕೇ?

ಬದಲಿಸುವ ಸಮಯ ಬಂದಿದ್ದರೆ ಇಳಿಸಿ. ಇಲ್ಲದಿದ್ದರೆ ಸೋರುವ ಬದಿಯನ್ನು ಎತ್ತಿದಾಗ ಆಯಿಲ್ ತಾನಾಗಿ ಇನ್ನೊಂದು ಬದಿಗೆ ಸರಿಯುತ್ತದೆ. ಆದರೂ ಕೆಳಗೆ ಅಗಲ ಬೋಗುಣಿ ಇಡಿ. ಸ್ವಲ್ಪ ಬಂದೇ ಬರುತ್ತದೆ. ಆಯಿಲ್ ಸರಿಯಲಿ ಎಂದು ಗಾಡಿಯನ್ನು ಜಾಸ್ತಿ ವಾಲಿಸಬೇಡಿ.

ಹೊಸ ಸೀಲ್ ಯಾವುದು ಎಂದು ಹೇಗೆ ಹೇಳುವುದು?

ಹಳೇ ಸೀಲಿನ ಮುಖದ ಮೇಲೆ ಮೂರು ಅಂಕಿ ಅಚ್ಚಾಗಿರುತ್ತದೆ. ಉದಾಹರಣೆಗೆ 50-72-10 ಎಂದಿದ್ದರೆ ಶಾಫ್ಟ್ 50 ಮಿಲಿಮೀಟರ್, ಸೀಲ್ ಕೂರುವ ಗುಂಡಿ 72, ದಪ್ಪ 10. ಟಿಸಿ ಎಂದು ಬರೆದಿದ್ದರೆ ಎರಡು ಅಂಚಿನದು, ಒಂದು ಆಯಿಲ್ ತಡೆಯಲು, ಇನ್ನೊಂದು ಧೂಳು ತಡೆಯಲು. ಎಸ್‌ಸಿ ಎಂದರೆ ಒಂದೇ ಅಂಚು. ಕೆಸರಿನಲ್ಲಿ ದುಡಿಯುವ ಗಾಡಿಗೆ ಒಂದೇ ಅಂಚಿನದನ್ನು ತರಬೇಡಿ. ಗದ್ದೆ ಕೆಲಸಕ್ಕೆಂದೇ ಹಲವು ಅಂಚಿನ ಕ್ಯಾಸೆಟ್ ಸೀಲ್ ಕೂಡ ಬರುತ್ತದೆ. ನಿಮ್ಮ ಮಾಡೆಲ್ಲಿಗೆ ಸಿಕ್ಕರೆ ಅದನ್ನೇ ಹಾಕಿ.

ಅಂಕಿ ಸವೆದಿದ್ದರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಗಾಡಿ ಬಿಚ್ಚಿ ಇಟ್ಟ ಮೇಲೆ ಸೀಲ್ ಶಿರಸಿಯಲ್ಲಿ ಸಿಗದೆ ಹುಬ್ಬಳ್ಳಿಗೆ ಹೋಗಬೇಕಾಗಿ ಬಂದರೆ ಒಂದು ದಿನ ಅದಕ್ಕೇ ಹೋಯಿತು. ಪಾರ್ಟ್ ಬುಕ್ಕಿನ ನಂಬರ್ ನೋಡಿ ಎರಡೂ ಬದಿಯ ಸೀಲ್, ಓ-ರಿಂಗ್, ಪ್ಯಾಕಿಂಗ್ ಮೊದಲೇ ತಂದಿಟ್ಟುಕೊಳ್ಳಿ. ಸೀಲಿನ ಬೆಲೆ ಕಡಿಮೆ. ಬಿಚ್ಚಿ ಕಟ್ಟುವ ಕೂಲಿ, ಕಳೆದುಹೋಗುವ ದಿನ, ಇವೇ ದುಬಾರಿ.

ಶಾಫ್ಟಿನ ಮೇಲೆ ಸುತ್ತಲೂ ಗೆರೆ ಬಿದ್ದಿದೆ. ಪರವಾಗಿಲ್ಲವೇ?

ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಬಿದ್ದರೆ ಹಾಗೇ ಬಿಡುವ ಹಾಗಿಲ್ಲ. ಹಳೇ ಸೀಲಿನ ಅಂಚು ಅದೇ ಜಾಗದಲ್ಲಿ ವರ್ಷಗಟ್ಟಲೆ ಉಜ್ಜಿ ಆ ಗೆರೆ ಮಾಡಿದೆ. ಹೊಸ ಸೀಲಿನ ಅಂಚು ಅದರೊಳಗೆ ಸರಿಯಾಗಿ ಕೂರುವುದಿಲ್ಲ.

ಗುಂಡಿಯಲ್ಲಿ ಜಾಗ ಇದ್ದರೆ ಹೊಸ ಸೀಲನ್ನು ಎರಡು ಮೂರು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಬಹುದು. ಆಗ ಅಂಚು ಹೊಸ ಜಾಗದ ಮೇಲೆ ಓಡುತ್ತದೆ. ಇಲ್ಲದಿದ್ದರೆ ಶಾಫ್ಟಿನ ಮೇಲೆ ತೆಳು ಸ್ಟೀಲ್ ಸ್ಲೀವ್ ಏರಿಸಬಹುದು. ಅದು ಸಿಕ್ಕರೆ ನನ್ನ ಮಟ್ಟಿಗೆ ಒಳ್ಳೆಯ ದಾರಿ. ವೆಲ್ಡಿಂಗ್ ತುಂಬಿಸಿ ಲೇತಿಗೆ ಹಾಕಿಸುವುದನ್ನು ಎಕ್ಸೆಲ್ ಶಾಫ್ಟಿಗೆ ನಾನು ಒಪ್ಪುವುದಿಲ್ಲ. ಆ ಬಿಸಿಗೆ ಕಬ್ಬಿಣದ ಗುಣ ಬದಲಾಗುತ್ತದೆ. ಭಾರ ಹೊರುವ ಶಾಫ್ಟ್ ತುಂಡಾದರೆ ಗಾಲಿಯೇ ಕಳಚುತ್ತದೆ.

ಬರೀ ತುಕ್ಕಿನ ಚುಕ್ಕೆ ಇದ್ದರೆ ನಯವಾದ ಎಮೆರಿ ಪೇಪರನ್ನು ಶಾಫ್ಟಿನ ಸುತ್ತ ತಿರುಗಿಸಿ ಉಜ್ಜಿ. ಉದ್ದಕ್ಕೆ ಉಜ್ಜಬೇಡಿ. ಆ ಗೀರುಗಳ ಹಾದಿಯಲ್ಲೇ ಆಯಿಲ್ ಹೊರಗೆ ಬರುತ್ತದೆ.

ಸೀಲ್ ಕೂರಿಸುವಾಗ ಏನು ನೋಡಬೇಕು?

ಹಳೇ ಸೀಲ್ ಕೀಳುವ ಮೊದಲು ಅದು ಎಷ್ಟು ಆಳದಲ್ಲಿತ್ತು, ಯಾವ ಮುಖ ಹೊರಗಿತ್ತು ಎಂದು ಫೋಟೋ ತೆಗೆಯಿರಿ. ಕೀಳುವಾಗ ಸ್ಕ್ರೂ ಡ್ರೈವರ್ ಗುಂಡಿಯ ಗೋಡೆಗೆ ತಾಗಿ ಗೀರು ಬೀಳಬಾರದು. ಬಿದ್ದರೆ ಹೊಸ ಸೀಲಿನ ಹೊರಗಿನಿಂದ ಸೋರುತ್ತದೆ.

ಸ್ಪ್ರಿಂಗ್ ಕಾಣುವ ಮುಖ ಆಯಿಲ್ ಇರುವ ಕಡೆಗೆ ಬರಬೇಕು. ಗುಂಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಸೀಲಿನ ಅಂಚಿಗೆ ಅದೇ ಗಿಯರ್ ಆಯಿಲ್ ಸವರಿ. ಎರಡು ಅಂಚಿನದಾದರೆ ಅಂಚುಗಳ ನಡುವೆ ಸ್ವಲ್ಪ ಗ್ರೀಸ್ ತುಂಬಿ. ಒಣ ಸೀಲ್ ಹಾಕಿದರೆ ಮೊದಲ ಸುತ್ತುಗಳಲ್ಲೇ ಅಂಚು ಸುಟ್ಟುಹೋಗುತ್ತದೆ.

ಸೀಲನ್ನು ನೇರ ಸುತ್ತಿಗೆಯಿಂದ ಬಡಿಯಬೇಡಿ. ಸೀಲಿನ ಹೊರ ಅಂಚಿಗೆ ಸಮನಾಗಿ ಕೂರುವ ಪೈಪ್ ತುಂಡು ಹುಡುಕಿ, ಅದರ ಮೇಲೆ ಮರದ ತುಂಡು ಇಟ್ಟು ಸಣ್ಣ ಸಣ್ಣ ಪೆಟ್ಟು ಕೊಡಿ. ಸುತ್ತಲೂ ಸಮ ಇಳಿಯುತ್ತಿದೆಯೇ ನೋಡುತ್ತಾ ಹೋಗಿ. ಓರೆಯಾದರೆ ನಿಲ್ಲಿಸಿ, ತೆಗೆದು ಮತ್ತೆ ಶುರು ಮಾಡಿ.

ಶಾಫ್ಟಿನ ತುದಿಯ ಹಲ್ಲು ಅಥವಾ ಕೀ ಕೂರುವ ಕಚ್ಚಿನ ಮೇಲೆ ಸೀಲ್ ದಾಟಬೇಕಿದ್ದರೆ, ಅದರ ಮೇಲೆ ನಯವಾದ ಟೇಪ್ ಸುತ್ತಿ. ಕೈಯಲ್ಲಿ ಚೂಪಾಗಿ ಹತ್ತುವ ಯಾವ ಅಂಚೂ ರಬ್ಬರ್ ಕೊಯ್ಯುತ್ತದೆ. ದಾಟಿದ ಮೇಲೆ ಟೇಪ್ ತೆಗೆಯಲು ಮರೆಯಬೇಡಿ. ಶಾಫ್ಟ್ ತೂರಿಸುವಾಗ ಅದರ ಭಾರ ಸೀಲಿನ ಮೇಲೆ ಕೂರದ ಹಾಗೆ ಒಬ್ಬರು ಎತ್ತಿ ಹಿಡಿಯಲಿ.

ಸಿಲಿಕಾನ್ ಗಮ್ಮನ್ನು ಕವರಿನ ಪ್ಯಾಕಿಂಗ್ ಜಾಗಕ್ಕೆ ತೆಳುವಾಗಿ ಹಚ್ಚಬಹುದು. ಸೀಲಿನ ಅಂಚಿಗೆ, ಬ್ರೀದರ್ ಹತ್ತಿರ ಬೇಡ.

ಯಾವ ಆಯಿಲ್ ಹಾಕಬೇಕು?

ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಗೆ ಸಾಮಾನ್ಯವಾಗಿ ಯುಟಿಟಿಓ ಎಂದು ಬರೆದ ಆಯಿಲ್ ಹೇಳಿರುತ್ತಾರೆ. ಅದರ ಬದಲು 80ಡಬ್ಲ್ಯೂ90 ಗಿಯರ್ ಆಯಿಲ್ ಹಾಕಿದರೆ ಬ್ರೇಕ್ ಜಾರಬಹುದು, ಕಿರುಗುಡಬಹುದು. ಸೋರುತ್ತದೆ ಎಂದು ದಪ್ಪ ಆಯಿಲ್ ಹಾಕುವುದೂ ತಪ್ಪು. ಲಿಫ್ಟ್ ನಿಧಾನ ಆಗುತ್ತದೆ, ಸೋರಿಕೆ ನಿಲ್ಲುವುದಿಲ್ಲ.

ಇಳಿಸಿದ ಆಯಿಲ್ ಹಾಲು ಹಾಕಿದ ಚಹಾದ ಹಾಗಿದೆ. ಯಾಕೆ?

ನೀರು ಸೇರಿದೆ. ಆಯಿಲ್ ಹೊರಗೆ ಬರುವ ದಾರಿಯಲ್ಲೇ ನೀರು ಒಳಗೆ ಹೋಗುತ್ತದೆ. ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಗಾಲಿ) ಹಾಕಿ ಕೆಸರು ಗದ್ದೆಯಲ್ಲಿ ಓಡಿಸುವಾಗ ಎಕ್ಸೆಲ್ ನೀರಿನಲ್ಲೇ ಇರುತ್ತದೆ. ಬಿಸಿಯಾದ ಎಕ್ಸೆಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಕಟ್ಟಿದ್ದರೆ ಈ ಎಳೆತ ಇನ್ನೂ ಜೋರು. ಪ್ರೆಶರ್ ವಾಷರ್ ನೀರನ್ನು ನೇರ ಸೀಲಿಗೆ, ಬ್ರೀದರ್‌ಗೆ ಹಿಡಿದರೂ ಇದೇ ಗತಿ. ಹರಿದ ಗಿಯರ್ ಲಿವರ್ ರಬ್ಬರಿನಿಂದ ಮಳೆ ನೀರು ಇಳಿಯುವುದೂ ಉಂಟು.

ಅಂಥ ಆಯಿಲನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಬೇರಿಂಗ್, ಗಿಯರ್ ತುಕ್ಕು ಹಿಡಿಯುತ್ತದೆ. ಗಾಡಿ ಬಿಸಿ ಇರುವಾಗ ಇಳಿಸಿ, ರಾತ್ರಿಯಿಡೀ ಪ್ಲಗ್ ತೆಗೆದಿಟ್ಟು ಪೂರ್ತಿ ಸೋರಲು ಬಿಡಿ. ಹೊಸ ಆಯಿಲ್ ಹಾಕಿ ಕೆಲವು ಗಂಟೆ ಓಡಿಸಿ ಮತ್ತೆ ನೋಡಿ. ಇನ್ನೂ ಬೆಳ್ಳಗಿದ್ದರೆ ಇನ್ನೊಮ್ಮೆ ಬದಲಿಸಿ.

ನಾವು ಕಾರವಾರದವರು. ಸಮುದ್ರದ ಪಕ್ಕ ಇರುವವರಿಗೆ ಬೇರೆ ಏನಾದರೂ ಇದೆಯೇ?

ಉಪ್ಪು. ಸೀಲಿನ ಹೊರಗೆ ಕಾಣುವ ಶಾಫ್ಟಿನ ಭಾಗಕ್ಕೆ ಉಪ್ಪುಗಾಳಿಯಿಂದ ಬೇಗ ತುಕ್ಕು ಹಿಡಿಯುತ್ತದೆ. ಆ ತುಕ್ಕು ಸೀಲಿನ ಅಂಚಿಗೆ ಗರಗಸ ಇದ್ದ ಹಾಗೆ. ಹಿನ್ನೀರಿನ ಪಕ್ಕದ ಗದ್ದೆಯಲ್ಲಿ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬದುವಿನಲ್ಲಿ ಓಡಿಸಿದ ದಿನ ಸಿಹಿನೀರಿನಲ್ಲಿ ತೊಳೆಯಿರಿ, ಒಣಗಿಸಿ, ಆ ಜಾಗಕ್ಕೆ ಗ್ರೀಸ್ ಸವರಿ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವವರು ಎರಡು ವಾರಕ್ಕೊಮ್ಮೆ ನಾಲ್ಕು ಹೆಜ್ಜೆಯಾದರೂ ಓಡಿಸಿ. ಸೀಲಿನ ಅಂಚು ಒಂದೇ ಜಾಗಕ್ಕೆ ಅಂಟಿ ಕೂರುವುದಿಲ್ಲ.

ಹಳೇ ಆಯಿಲ್ ಏನು ಮಾಡಲಿ?

ತೋಟದ ಕಾಲುವೆಗೆ ಸುರಿಯಬೇಡಿ. ನಮ್ಮ ಕಾಲುವೆ ಹಳ್ಳಕ್ಕೆ ಹೋಗುತ್ತದೆ, ಹಳ್ಳದ ನೀರನ್ನು ಕೆಳಗಿನ ಮನೆಯವರು ಬಳಸುತ್ತಾರೆ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೇ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ವರ್ಕ್‌ಶಾಪ್‌ಗೆ ಕೊಡಿ. ಇನ್ನೊಂದು ಮಾತು. ಚಾಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ಈ ಕೆಲಸ ಮಾಡಲೇಬೇಡಿ. ಗಿಯರ್ ಆಯಿಲಿನ ಗಂಧಕದ ವಾಸನೆ ನೆಲಕ್ಕೆ ಹಿಡಿದರೆ ಬೇಗ ಹೋಗುವುದಿಲ್ಲ.

ಈ ಕೆಲಸಕ್ಕೆ ಒಳ್ಳೆಯ ಸಮಯ ಯಾವುದು?

ಮೇ ತಿಂಗಳ ಮೊದಲ ವಾರ. ಕೊಯ್ಲು ಮುಗಿದಿರುತ್ತದೆ, ನೆಲ ಒಣಗಿರುತ್ತದೆ. ಮೃಗಶಿರ ಮಳೆ ಬಿದ್ದು ಗದ್ದೆಗೆ ಇಳಿಯುವಾಗ ಸೀಲ್ ಹೊಸದಾಗಿರುತ್ತದೆ. ಜೂನ್‌ನಲ್ಲಿ ಮೆಕ್ಯಾನಿಕ್ ಸಿಗುವುದೂ ಕಷ್ಟ.

ಎಲ್ಲ ಕಟ್ಟಿ ಆಯಿತು. ಇನ್ನು ಕೆಲಸಕ್ಕೆ ಒಯ್ಯಬಹುದೇ?

ಅವತ್ತೇ ಟ್ರಾಲಿ ಹೂಡಬೇಡಿ. ಗಾಲಿಯ ನಟ್‌ಗಳನ್ನು ಒಂದರ ಎದುರಿನದು ಒಂದು ಎಂಬ ಕ್ರಮದಲ್ಲಿ ಬಿಗಿ ಮಾಡಿ. ಸಪಾಟು ಜಾಗದಲ್ಲಿ ಆಯಿಲ್ ಮಟ್ಟ ನೋಡಿ. ಮನೆಯ ಹತ್ತಿರ ಅರ್ಧ ಗಂಟೆ ಖಾಲಿ ಓಡಿಸಿ, ಎರಡೂ ಬ್ರೇಕ್ ಬೇರೆ ಬೇರೆಯಾಗಿ, ಆಮೇಲೆ ಒಟ್ಟಿಗೆ ತುಳಿದು ಪರೀಕ್ಷಿಸಿ. ಹೌಸಿಂಗಿಗೆ ಕೈ ಇಟ್ಟು ನೋಡಿ. ಒಂದು ಬದಿ ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿರಬಹುದು ಅಥವಾ ಬ್ರೇಕ್ ಉಜ್ಜುತ್ತಿರಬಹುದು. ಒಂದು ಗಂಟೆ ಕೆಲಸ ಆದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡಿ. ರಾತ್ರಿ ಗಾಲಿಯ ಕೆಳಗೆ ಹಳೇ ಪೇಪರ್ ಹಾಸಿ, ಬೆಳಿಗ್ಗೆ ಎದ್ದು ನೋಡಿ. ಅಂಚಿನಲ್ಲಿ ಒಂದೆರಡು ಹನಿ ಇದ್ದರೆ ಕಟ್ಟುವಾಗ ಸವರಿದ ಗ್ರೀಸ್ ಇರಬಹುದು, ಒರೆಸಿ ಮರುದಿನವೂ ಪೇಪರ್ ಹಾಸಿ. ಮೂರನೇ ಬೆಳಿಗ್ಗೆಯೂ ಹನಿ ಕಂಡರೆ ಗಾಲಿ ಬಿಚ್ಚುವ ಮೊದಲು ಮತ್ತೊಮ್ಮೆ ಬ್ರೀದರ್ ಬಿಚ್ಚಿ ನೋಡಿ.